ಲೋಡ್ ಇಳಿಸಿದ ಮೇಲೆ ನಡುಗುವ ಗಾಡಿ

ನಮ್ಮ ಪಿಕಪ್ ಗಾಡಿಗೆ ಈ ಸಲ ಹಸ್ತ ಮಳೆ ಹಿಡಿದ ವಾರದಲ್ಲೇ ನಡುಕ ಶುರುವಾಯಿತು. ಅದಕ್ಕೂ ಮೊದಲೇ ಅಲ್ಲೊಮ್ಮೆ ಇಲ್ಲೊಮ್ಮೆ ಇತ್ತೇನೋ, ನಾನು ರಸ್ತೆಯನ್ನು ಬೈದುಕೊಂಡು ಸುಮ್ಮನಾಗಿದ್ದೆ. ಯರಗಟ್ಟಿ ದಾಟಿದ ಮೇಲೆ ರಸ್ತೆ ನುಣ್ಣಗಿರುವ ಕಡೆಯೂ ನಡುಗಿದಾಗ ಮಾತ್ರ ಒಪ್ಪಿಕೊಳ್ಳಬೇಕಾಯಿತು. ತಪ್ಪು ರಸ್ತೆಯದಲ್ಲ, ಗಾಡಿಯದೇ.

ನಮ್ಮ ಕೆಲಸ ಇಷ್ಟೇ. ಲೋಕಾಪುರದ ಸುತ್ತಲಿನ ಹೊಲಗಳಲ್ಲಿ ಉಳ್ಳಾಗಡ್ಡಿ ತುಂಬಿಕೊಳ್ಳುವುದು, ಬೆಳಗಾವಿ ಎಪಿಎಂಸಿಗೆ ಮುಟ್ಟಿಸುವುದು, ವಾಪಸ್ ಬರುವುದು. ಬರುವಾಗ ಏನಾದರೂ ಸಾಮಾನು ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ಖಾಲಿ. ಗಾಡಿಗೆ ಆರು ವರ್ಷ. 1,38,000 ಕಿಲೋಮೀಟರ್ ಓಡಿದೆ. ಪವರ್ ಹಿಂದಿನ ಚಕ್ರಕ್ಕೆ, ಹಿಂದೆ ಪಾಟಾ (ಉಕ್ಕಿನ ಪ್ಲೇಟು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್), ಗೇರ್ ಬಾಕ್ಸಿನಿಂದ ಹಿಂದಿನ ಹೌಸಿಂಗ್ (ಹಿಂದಿನ ಚಕ್ರಗಳ ನಡುವಿನ ಗೇರಿನ ಪೆಟ್ಟಿಗೆ) ತನಕ ತಿರುಗುತ್ತ ಪವರ್ ಒಯ್ಯುವ ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟ್. ಎರಡು ತುಂಡು ಕೂಡುವ ಕಡೆ ಒಂದು ಸೆಂಟರ್ ಬೇರಿಂಗ್, ರಬ್ಬರಿನಲ್ಲಿ ತೂಗು ಹಾಕಿದ್ದು. ಈ ಸಾಮಾನುಗಳ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ನಡುಕ ಬರುವುದು 65ರ ಮೇಲೆ. 72ಕ್ಕೆ ಜೋರು. 80 ದಾಟಿದರೆ ಇಳಿಯುತ್ತದೆ. ಆದರೆ ದಿನಾ ಬರುವುದಿಲ್ಲ. ಒಂದು ದಿನ ಹೋಗುವಾಗ ಬಂದರೆ ಇನ್ನೊಂದು ದಿನ ಬರುವಾಗ. ಮತ್ತೊಂದು ದಿನ ಎರಡೂ ಕಡೆ ಇಲ್ಲ. ಮಿಸ್ತ್ರಿಯ ಮುಂದೆ ನಿಲ್ಲಿಸಿದ ದಿನವಂತೂ ಗಾಡಿ ಮದುಮಗಳ ಹಾಗೆ ತಲೆ ತಗ್ಗಿಸಿಕೊಂಡು ಸುಮ್ಮನಿರುತ್ತಿತ್ತು. ಪೂರ್ತಿ ಕೆಟ್ಟ ಗಾಡಿಯನ್ನು ರಿಪೇರಿ ಮಾಡುವುದು ಸುಲಭ. ಇಂಥದ್ದು ಕಷ್ಟ.

ಮೊದಲ ಅನುಮಾನ ಎಲ್ಲರಿಗೂ ಬರುವಂಥದ್ದೇ, ಚಕ್ರದ ಬ್ಯಾಲೆನ್ಸಿಂಗ್. ಬೆಳಗಾವಿಯಲ್ಲಿ ಲೋಡ್ ಇಳಿಸಿದ ಮೇಲೆ ಒಂದು ಟೈರ್ ಅಂಗಡಿಗೆ ಹೋದೆ. ಹುಡುಗ ಮುಂದಿನ ಎರಡೂ ಚಕ್ರ ಬಿಚ್ಚಿ ಮಷಿನ್ನಿಗೆ ಏರಿಸಿದ. ಒಂದಕ್ಕೆ 120 ಗ್ರಾಂ ತೂಕ ಕೇಳಿತು. ಇನ್ನೊಂದಕ್ಕೆ 35. ನೂರಿಪ್ಪತ್ತು ಜಾಸ್ತಿ ಆಯ್ತಲ್ಲ ಅಂತ ನನಗೂ ಅನಿಸಿತು, ಅವನಿಗೂ ಅನಿಸಿರಬೇಕು. ಆದರೆ ಹಿಂದೆ ಐದು ಗಾಡಿ ಹಾರ್ನ್ ಹೊಡೆಯುತ್ತಿದ್ದವು. ಸೀಸದ ತುಂಡುಗಳನ್ನು ಸಾಲಾಗಿ ಬಡಿದು ಕಳಿಸಿಬಿಟ್ಟ.

ಎರಡು ದಿನ ಗಾಡಿ ಬೆಣ್ಣೆ. ಮೂರನೇ ದಿನ ಸ್ಟೇರಿಂಗ್ ಮೊದಲಿಗಿಂತ ಕೆಟ್ಟದಾಗಿ ಬಡಿದುಕೊಂಡಿತು. ಡ್ಯಾಶ್‌ಬೋರ್ಡ್ ಮೇಲಿಟ್ಟ ನೀರಿನ ಬಾಟಲಿ ಕುಣಿದು ಕೆಳಗೆ ಬಿತ್ತು.

ಊರಿನ ಮಿಸ್ತ್ರಿಯ ಹತ್ತಿರ ಹೋದೆ. ನಮ್ಮಪ್ಪನ ಕಾಲದಿಂದ ನಮ್ಮ ಗಾಡಿಗಳನ್ನು ನೋಡುತ್ತ ಬಂದವರು, ನಾವೆಲ್ಲ ಚಾಚಾ ಅಂತೀವಿ. ಚಾಚಾ ಗಾಡಿ ನೋಡುವ ಮೊದಲು ಚಹಾ ಕುಡಿದರು. ಆಮೇಲೆ ಮುಂದಿನ ಚಕ್ರ ಜಾಕ್ ಕೊಟ್ಟು ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಬೇರಿಂಗಿನಲ್ಲಿ ಆಟ ಇಲ್ಲ. ಎಡ ಬಲ ಹಿಡಿದು ಅಲ್ಲಾಡಿಸಿದರು. ಟೈ ರಾಡ್ ಗಟ್ಟಿ. ಚಕ್ರ ತಿರುಗಿಸಿ ಟೈರಿನ ಮೈಗೆ ಸೀಮೆಸುಣ್ಣ ಹತ್ತಿರ ಹಿಡಿದರು. ಟೈರು ಎಲ್ಲೂ ಉಬ್ಬಿರಲಿಲ್ಲ, ಸುಣ್ಣ ಒಂದೇ ಸಮ ತಾಕಿತು. ಕೊನೆಗೆ ಚಕ್ರ ಬಿಚ್ಚಿ ನೆಲಕ್ಕೆ ಮಲಗಿಸಿ ಒಳಗಡೆ ಬಗ್ಗಿ ನೋಡಿದರು. ನಗತೊಡಗಿದರು.

"ಹೊಲ ಮಾರೀಯೋ ಏನ್ ಇಲ್ಲೇ ಇಟ್ಕೊಂಡೀಯೋ?"

ಡಿಸ್ಕಿನ, ಅಂದ್ರೆ ಟೈರು ಕೂರುವ ಕಬ್ಬಿಣದ ಚಕ್ರದ, ಒಳಮೈಗೆ ಎರೆಮಣ್ಣು ಕಚ್ಚಿಕೊಂಡಿತ್ತು. ಅರ್ಧ ಭಾಗದಲ್ಲಿ ಮಾತ್ರ. ಇನ್ನರ್ಧ ಸ್ವಚ್ಛ. ನಮ್ಮ ಕಡೆಯ ಎರೆಮಣ್ಣು ಗೊತ್ತಲ್ಲ, ಹಸಿ ಇದ್ದಾಗ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ, ಒಣಗಿದ ಮೇಲೆ ಕಲ್ಲು. ಮಳೆ ಆದ ಮರುದಿನ ಹೊಲದ ದಾರಿಯಲ್ಲಿ ಗಾಡಿ ಹೋಗಿ ಬಂದರೆ ಡಿಸ್ಕಿನ ಒಳಗೆಲ್ಲ ಮೆತ್ತಿಕೊಳ್ಳುತ್ತದೆ. ಬಿಸಿಲಿಗೆ ಒಣಗಿದ ಮೇಲೆ ತಗ್ಗಿನಲ್ಲಿ ಚಕ್ರ ಬಿದ್ದಾಗ ಒಂದು ಹೆಂಟೆ ಉದುರುತ್ತದೆ. ಇನ್ನೊಂದು ಅಲ್ಲೇ ಉಳಿಯುತ್ತದೆ. ಈಗ ಚಕ್ರ ಒಂದು ಕಡೆ ಭಾರ.

ಸ್ಕ್ರೂ ಡ್ರೈವರಿನಿಂದ ಕೆತ್ತಿ ತೆಗೆದೆವು. ಸುಮ್ನೆ ಕುತೂಹಲಕ್ಕೆ ಪಕ್ಕದ ಕಿರಾಣಿ ಅಂಗಡಿಯ ಕಾಟಾ ಮೇಲೆ ಹಾಕಿಸಿದೆ. ಒಂದೇ ಚಕ್ರದಲ್ಲಿ 340 ಗ್ರಾಂ. ಬ್ಯಾಲೆನ್ಸಿಂಗ್ ಅಂಗಡಿಯವರು ಲೆಕ್ಕ ಹಾಕುವುದು ಐದೈದು ಗ್ರಾಂ ಲೆಕ್ಕದಲ್ಲಿ. ಅಂದ್ರೆ ಆ ಹುಡುಗ ಮಾಡಿದ್ದು ಮಣ್ಣಿನ ಸಮೇತ ಬ್ಯಾಲೆನ್ಸ್. ಮಣ್ಣು ಇರುವ ತನಕ ಚಕ್ರ ಸಮ ತಿರುಗಿತು. ಎರಡು ದಿನ ಬಿಟ್ಟು ಒಂದು ಹೆಂಟೆ ಉದುರಿತು, ಅವನು ಹೊಡೆದ 120 ಗ್ರಾಂ ಸೀಸವೇ ಈಗ ರೋಗವಾಯಿತು. ಅವನನ್ನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಚಕ್ರ ಬಿಚ್ಚಿದಾಗ ನಾನೂ ಪಕ್ಕದಲ್ಲೇ ನಿಂತಿದ್ದೆ, ಮೊಬೈಲ್ ನೋಡುತ್ತ.

ನಾಲ್ಕೂ ಡಿಸ್ಕ್ ತೊಳೆದು ಮುಧೋಳದಲ್ಲಿ ಮತ್ತೆ ಬ್ಯಾಲೆನ್ಸ್ ಮಾಡಿಸಿದೆ. ಈ ಸಲ ಮುಂದಿನ ಚಕ್ರಗಳಿಗೆ 20 ಮತ್ತು 15 ಗ್ರಾಂ ಸಾಕಾಯಿತು. ಮರುದಿನ 24 ಚೀಲ ಹೇರಿಕೊಂಡು ಬೆಳಗಾವಿಗೆ ಹೊರಟರೆ ಸ್ಟೇರಿಂಗ್ ಕೈಯಲ್ಲಿ ಇದ್ದದ್ದೇ ಗೊತ್ತಾಗಲಿಲ್ಲ. ಕೆಲಸ ಮುಗೀತು ಅಂದುಕೊಂಡೆ. ಮನೆಗೆ ಫೋನ್ ಮಾಡಿ ಹೇಳಿದ್ದೂ ಆಯಿತು.

ಸಂಜೆ ಖಾಲಿ ಗಾಡಿ ತಿರುಗಿಸಿಕೊಂಡು ಬರುವಾಗ ನೇಸರಗಿ ದಾಟಿದೆ. 72ಕ್ಕೆ ಮತ್ತೆ ಬಂತು.

ಆದರೆ ಈಗ ಒಂದು ವಿಷಯ ತಲೆಗೆ ಹೋಯಿತು. ಸ್ಟೇರಿಂಗ್ ಸುಮ್ಮನಿದೆ. ಬಾಟಲಿ ಕುಣಿಯುತ್ತಿಲ್ಲ, ಅದರೊಳಗಿನ ನೀರಿನ ಮೇಲೆ ಮಾತ್ರ ಸಣ್ಣ ಸಣ್ಣ ಗೆರೆ ಎದ್ದಿವೆ. ನಡುಗುವುದು ಸೀಟು, ಪಾದದ ಕೆಳಗಿನ ತಗಡು, ಒಳಗಿನ ಕನ್ನಡಿ. ಕನ್ನಡಿಯಲ್ಲಿ ಹಿಂದಿನ ಲಾರಿಯ ನಂಬರ್ ಓದಲು ಆಗುವುದಿಲ್ಲ, ಎಲ್ಲ ಮಸುಕು. ಸದ್ದು ಕೂಡ ಬೇರೆ. ಅದು ದಡ ದಡ ಅಂತಿತ್ತು, ಇದು ಗುಂಯ್ ಅನ್ನುತ್ತದೆ. ಕಿವಿಗಿಂತ ಹೊಟ್ಟೆಗೆ ಜಾಸ್ತಿ ಕೇಳಿಸುವ ಗುಂಯ್. ಇಷ್ಟು ದಿನ ಎರಡಕ್ಕೂ ನಾನು "ನಡುಕ" ಅನ್ನುವ ಒಂದೇ ಹೆಸರು ಇಟ್ಟಿದ್ದೆ. ಎರಡೂ ಬರುವುದು 70ರ ಆಸುಪಾಸಿನಲ್ಲೇ ಆದ್ದರಿಂದ ಒಂದೇ ಅಂದುಕೊಂಡಿದ್ದೆ.

ಅವತ್ತು ರಾತ್ರಿ ಡೀಸೆಲ್ ಲೆಕ್ಕ ಬರೆಯುವ ವಹಿ ತೆಗೆದೆ. ಹಿಂದಿನ ಹತ್ತು ಹನ್ನೊಂದು ಟ್ರಿಪ್ಪಿನ ಪಕ್ಕದಲ್ಲಿ ನೆನಪಾದಷ್ಟು ಬರೆಯುತ್ತ ಹೋದೆ. ಹೋಗುವಾಗ ಎಷ್ಟು ಚೀಲ, ಬರುವಾಗ ಏನಿತ್ತು, ಹಿಂದಿನ ದಿನ ಮಳೆ ಇತ್ತೋ ಇಲ್ಲವೋ, ನಡುಕ ದಡ ದಡವೋ ಗುಂಯ್ಯೋ. ಮಣ್ಣಿನ ದಿನಗಳನ್ನು ಬದಿಗಿಟ್ಟರೆ ಉಳಿದದ್ದು ಕನ್ನಡಿಯಷ್ಟು ಸ್ಪಷ್ಟ. ಗುಂಯ್ ಬಂದದ್ದೆಲ್ಲ ಖಾಲಿ ಬಂದ ದಿನ. ಒಮ್ಮೆ ಹಿಂಡಿ ಚೀಲ, ಇನ್ನೊಮ್ಮೆ ಗೊಬ್ಬರ ಹಾಕಿಕೊಂಡು ಬಂದಿದ್ದೆ, ಮುನ್ನೂರು ನಾನೂರು ಕಿಲೋ ಇದ್ದಿರಬಹುದು. ಆ ಎರಡು ದಿನ ಗಾಡಿ ಗಪ್‌ಚಿಪ್. ಲೋಡ್ ಇದ್ದರೆ ಇಲ್ಲ, ಲೋಡ್ ಇಳಿಸಿದರೆ ಬರುತ್ತದೆ. ಭಾರ ಹೊತ್ತಾಗ ನಡುಗುವ ಗಾಡಿ ನೋಡಿದ್ದೆ. ಭಾರ ಇಳಿಸಿದಾಗ ನಡುಗುವುದನ್ನು ಇದೇ ಮೊದಲು ನೋಡಿದ್ದು.

ಎಂಜಿನ್ನೋ ಬೇರೆಯದೋ

ಇದನ್ನು ತಿಳಿಯಲು ದುಡ್ಡು ಬೇಡ. ಖಾಲಿ ರಸ್ತೆಯಲ್ಲಿ 75ಕ್ಕೆ ಏರಿಸಿ, ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ, ಎಕ್ಸಲರೇಟರ್ ಬಿಡಿ. ಎಂಜಿನ್ ಸುಮ್ಮನಾಗುತ್ತದೆ, ಗಾಡಿ ಉರುಳುತ್ತಲೇ ಇರುತ್ತದೆ. ನಡುಕ ನಿಂತರೆ ಎಂಜಿನ್, ಮೌಂಟಿಂಗ್, ಕ್ಲಚ್ ಕಡೆ ಹುಡುಕಬೇಕು. ನಿಲ್ಲದಿದ್ದರೆ ಗೇರ್ ಬಾಕ್ಸಿನಿಂದ ಹಿಂದೆ, ಇಲ್ಲವೇ ಚಕ್ರ. ನನ್ನದು ನಿಲ್ಲಲಿಲ್ಲ. 72ರ ವೇಗದಲ್ಲೇ ನಾಲ್ಕನೇ ಗೇರು, ಐದನೇ ಗೇರು ಬದಲಿಸಿಯೂ ನೋಡಿದೆ, ಎಂಜಿನ್ನಿನ ಸುತ್ತು ಬದಲಾಯಿತು, ಗುಂಯ್ ಬದಲಾಗಲಿಲ್ಲ. ಎಂಜಿನ್ ನಿರ್ದೋಷಿ. (ಉರುಳುವಾಗ ಎಂಜಿನ್ ಆಫ್ ಮಾತ್ರ ಮಾಡಬೇಡಿ. ಬ್ರೇಕಿನ ಬೂಸ್ಟರ್ ಹೋಗುತ್ತದೆ, ಸ್ಟೇರಿಂಗ್ ಬಿಗಿಯಾಗುತ್ತದೆ.)

ಮುಂದಿನದಕ್ಕೆ ನಮ್ಮ ಅಕ್ಕನ ಮಗ ಬಂದ. ಬಾಗಲಕೋಟೆಯಲ್ಲಿ ಮೆಕ್ಯಾನಿಕಲ್ ಓದುತ್ತಾನೆ. ಕೈಗೆ ಎಣ್ಣೆ ಹತ್ತಿಸಿಕೊಳ್ಳುವುದು ಕಡಿಮೆ, ಆದರೆ ಲೆಕ್ಕದಲ್ಲಿ ಗಟ್ಟಿ. "ಮಾಮಾ, ನಡುಕ ಸೆಕೆಂಡಿಗೆ ಎಷ್ಟ ಸಲ ಬರ್ತದ ಅಂತ ಗೊತ್ತಾದ್ರ ಯಾವ ಸಾಮಾನು ಅಂತ ಗೊತ್ತಾಗ್ತದ" ಅಂದ. ಸೆಕೆಂಡಿಗೆ ಎಷ್ಟು ಸಲ ಅಂತ ಎಣಿಸೋದು ಯಾರು? ಮೊಬೈಲ್. ಫೈಫಾಕ್ಸ್ ಅಂತ ಒಂದು ಆ್ಯಪ್ ಇದೆ, ಜರ್ಮನಿಯ ಆಖನ್ ವಿಶ್ವವಿದ್ಯಾಲಯದವರು ಮಾಡಿದ್ದು, ಪುಕ್ಕಟೆ. ಮೊಬೈಲಿನೊಳಗೆ ಅಲುಗಾಟ ಅಳೆಯುವ ಸೆನ್ಸರ್ ಇರುತ್ತದಲ್ಲ, ಅದನ್ನೇ ಬಳಸಿ ಯಾವ ವೇಗದ ನಡುಕ ಎಷ್ಟಿದೆ ಅಂತ ಗೆರೆ ಎಳೆದು ತೋರಿಸುತ್ತದೆ.

ಮೊದಲು ಅಂಗಳದಲ್ಲಿ ಎರಡು ಅಳತೆ ಮಾಡಿದೆವು. ಹಿಂದಿನ ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ ಚಕ್ರ ಒಂದು ಸುತ್ತು ಬರುವಷ್ಟು ಗಾಡಿ ತಳ್ಳಿದೆವು. ನಾನು ತಳ್ಳಿದೆ, ಅವನು ಟೇಪ್ ಹಿಡಿದ. 2.15 ಮೀಟರ್. ಮತ್ತೊಮ್ಮೆ ತಳ್ಳುವಾಗ ಅವನು ಬಗ್ಗಿ ಶಾಫ್ಟ್ ಎಷ್ಟು ಸುತ್ತು ತಿರುಗಿತು ಅಂತ ಎಣಿಸಿದ. ನಾಲ್ಕು ಸುತ್ತು ಮುಗಿದು ಇನ್ನೂ ಕಾಲು ಸುತ್ತಿಗಿಂತ ತುಸು ಜಾಸ್ತಿ. 4.3 ಅಂತ ಹಿಡಿದೆವು.

ಈಗ ಲೆಕ್ಕ. ಗಂಟೆಗೆ 70 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 19.4 ಮೀಟರ್. 2.15ರಿಂದ ಭಾಗಿಸಿದರೆ ಚಕ್ರ ಸೆಕೆಂಡಿಗೆ 9 ಸುತ್ತು. ಶಾಫ್ಟ್ ಅದರ 4.3 ಪಟ್ಟು, 39 ಸುತ್ತು. ಅಂದ ಮೇಲೆ ಮೊಬೈಲಿನಲ್ಲಿ 9ರ ಹತ್ತಿರ ಗೆರೆ ಎದ್ದರೆ ಚಕ್ರ, ಟೈರು, ಡ್ರಮ್ ಕಡೆಯದು. 39ಕ್ಕೆ ಎದ್ದರೆ ಶಾಫ್ಟ್ ಒಂದು ಕಡೆ ಭಾರವಾಗಿದೆ, ಇಲ್ಲವೇ ಬಾಗಿದೆ. ಅದರ ಎರಡು ಪಟ್ಟು, 78ಕ್ಕೆ ಎದ್ದರೆ ಕ್ರಾಸ್, ಅಂದ್ರೆ ಶಾಫ್ಟ್ ಕೋನದಲ್ಲಿದ್ದರೂ ತಿರುಗಲು ಬಿಡುವ ಕೀಲು. ಯಾಕಂದ್ರೆ ಕ್ರಾಸ್ ಜಾಯಿಂಟ್ ಒಂದು ಸುತ್ತಿಗೆ ಎರಡು ಸಲ ಜಗ್ಗಾಡುತ್ತದೆ. ಒಂದು ಎಚ್ಚರಿಕೆ: ಮೊಬೈಲ್ ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೋ ಅದರ ಅರ್ಧದ ತನಕ ಮಾತ್ರ ನಡುಕ ಹಿಡಿಯುತ್ತದೆ. ನನ್ನ ಹಳೇ ಮೊಬೈಲ್ 100 ಸಲ ಅಳೆಯುವಂಥದ್ದು, ಅದರಲ್ಲಿ 78 ಕಾಣುವುದೇ ಇಲ್ಲ. ಅವನದು 200ಕ್ಕೂ ಮೇಲೆ. ಅದನ್ನೇ ಡಬಲ್ ಟೇಪಿನಿಂದ ಸೀಟಿನ ಕೆಳಗಿನ ತಗಡಿಗೆ ಅಂಟಿಸಿದೆವು. ಕೈಯಲ್ಲಿ ಹಿಡಿದರೆ ಕೈಯೇ ನಡುಕ ನುಂಗಿಬಿಡುತ್ತದೆ.

ಬೆಳಗಾವಿಯಲ್ಲಿ ಲೋಡ್ ಇಳಿಸಿ ಹಿರೇಬಾಗೇವಾಡಿ ಕಡೆ ರಾಷ್ಟ್ರೀಯ ಹೆದ್ದಾರಿಗೆ ಬಿದ್ದೆವು. ನಮ್ಮ ರಸ್ತೆಗಿಂತ ಅಲ್ಲಿ ತಗ್ಗು ಕಡಿಮೆ, ಒಂದೇ ವೇಗದಲ್ಲಿ ಓಡಿಸಬಹುದು. ಮೀಟರ್ ನಂಬದೆ ಜಿಪಿಎಸ್ ವೇಗ ನೋಡಿಕೊಂಡು 70ಕ್ಕೆ ಹಿಡಿದೆ. ಅರ್ಧ ನಿಮಿಷ ಅವನು ಮಾತಾಡಲಿಲ್ಲ. ಆಮೇಲೆ ಮೊಬೈಲ್ ತಿರುಗಿಸಿ ತೋರಿಸಿದ. 9ರಲ್ಲಿ ಸಣ್ಣ ಗುಬ್ಬಿ. 39ರಲ್ಲಿ ಇಲ್ಲವೇ ಇಲ್ಲ ಅನ್ನಬಹುದು. 78ರಲ್ಲಿ ಗೋಳಗುಮ್ಮಟದ ಮಿನಾರಿನ ಹಾಗೆ ಒಂದು ಗೆರೆ ಎದ್ದು ನಿಂತಿತ್ತು.

ಸಾಮಾನು ಬದಲಿಸಿದ್ದು, ರೋಗ ಬೆಳೆದದ್ದು

ಕ್ರಾಸ್ ಅಂತ ಗೊತ್ತಾದ ಮೇಲೆ ತಡ ಯಾಕೆ. ಚಾಚಾ ಹತ್ತಿರ ಹೋಗಿ ಶಾಫ್ಟ್ ಇಳಿಸಿದೆವು. ಬಿಚ್ಚುವ ಮೊದಲು ಚಾಚಾ ಫ್ಲ್ಯಾಂಜಿಗೂ ಶಾಫ್ಟಿಗೂ, ಒಳಗೆ ಹೊರಗೆ ಜಾರುವ ಸ್ಪ್ಲೈನಿಗೂ ಬಿಳಿ ಬಣ್ಣದ ಗೆರೆ ಹಾಕಿದರು. ಹಾಕದೆ ಬಿಚ್ಚಿದರೆ ಕೂಡಿಸುವಾಗ ಸ್ಪ್ಲೈನಿನ ಒಂದು ಹಲ್ಲು ಆ ಕಡೆ ಈ ಕಡೆ ಆದರೂ ಎರಡು ತುದಿಯಲ್ಲಿ ಕ್ರಾಸ್ ಹಿಡಿಯುವ ಫೋರ್ಕುಗಳು ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ. ಆಗ ಒಳ್ಳೆಯ ಕ್ರಾಸ್ ಇದ್ದರೂ ನಡುಕ ಗ್ಯಾರಂಟಿ.

ಹೌಸಿಂಗ್ ಕಡೆಯ ಕ್ರಾಸನ್ನು ಚಾಚಾ ನನ್ನ ಕೈಗೆ ಕೊಟ್ಟು ನಿಧಾನ ತಿರುಗಿಸು ಅಂದರು. ಒಂದು ಜಾಗದಲ್ಲಿ ಟಿಕ್ ಅಂತ ಸಿಕ್ಕಿ ಮುಂದೆ ಹೋಗುತ್ತಿತ್ತು, ಹಳೇ ರೇಡಿಯೋದ ಬಟನ್ ತಿರುಗಿಸಿದ ಹಾಗೆ. ಕಪ್ ಬಿಚ್ಚಿದಾಗ ಒಳಗೆ ಗ್ರೀಸ್ ಬದಲು ಕೆಂಪು ಪುಡಿ. ಸೂಜಿಯಂಥ ರೋಲರುಗಳು ಕ್ರಾಸಿನ ಮೈಯಲ್ಲಿ ಸಣ್ಣ ಸಣ್ಣ ಗೀರು ಕೊರೆದಿದ್ದವು. ಬೆರಳಿನ ಉಗುರು ಎಳೆದರೆ ಒಂದೊಂದೂ ಎಣಿಸಲು ಬರುತ್ತಿತ್ತು. ಇದನ್ನಂತೂ ಬದಲಿಸಲೇಬೇಕಿತ್ತು. ಇನ್ನೊಂದನ್ನೂ ಬದಲಿಸಿದೆವು. ನಾಲ್ಕೂ ಕಪ್ಪಿನಿಂದ ಹೊಸ ಗ್ರೀಸ್ ಹೊರಗೆ ಇಣುಕುವ ತನಕ ಗ್ರೀಸ್ ಗನ್ ಹೊಡೆದೆ.

ಗುಂಯ್ ಸ್ವಲ್ಪ ಕಡಿಮೆಯಾಯಿತು. ಹೋಗಲಿಲ್ಲ.

ಹಾಗಾದರೆ ಸೆಂಟರ್ ಬೇರಿಂಗ್. ಅದರ ರಬ್ಬರ್ ಸೀಳಿತ್ತು, ಶಾಫ್ಟ್ ತನ್ನ ಜಾಗದಿಂದ ಒಂದು ಬೆರಳು ಕೆಳಗೆ ಜೋತುಬಿದ್ದಿತ್ತು. ಕೈಯಿಂದ ಎತ್ತಿದರೆ ಮೇಲೇರುತ್ತಿತ್ತು. ಇಷ್ಟು ಹಾಳಾದದ್ದನ್ನು ಕಂಡ ಮೇಲೆ ಯಾರಿಗೆ ಅನುಮಾನ ಉಳಿಯುತ್ತದೆ? ಹೊಸ ಬೇರಿಂಗ್ ಹಾಕಿದೆವು. ಶಾಫ್ಟ್ ಸೆಟೆದು ನಿಂತಿತು. ಚಾಚಾಗೆ ದುಡ್ಡು ಕೊಟ್ಟು ಖಾಲಿ ಗಾಡಿ ಹೊಡೆದುಕೊಂಡು ಕಲಾದಗಿ ತನಕ ಹೋದೆ.

ಮೊದಲಿಗಿಂತ ಜೋರು. ಮೊದಲು 65ಕ್ಕೆ ಬರುತ್ತಿದ್ದದ್ದು ಈಗ 58ಕ್ಕೇ ಬಂತು. ಕಲಾದಗಿಯಲ್ಲಿ ಗಾಡಿ ನಿಲ್ಲಿಸಿ ಎರಡು ಕಿಲೋ ಚಿಕ್ಕು ತೆಗೆದುಕೊಂಡೆ. ಅವತ್ತಿನ ಲಾಭ ಅಷ್ಟೇ.

ಹೊಸ ಸಾಮಾನು ಹಾಕಿದ ಮೇಲೆ ರೋಗ ಹೆಚ್ಚಾದರೆ ಸಿಟ್ಟು ಬರುತ್ತದೆ. ಅಂಗಡಿಯವನು ಡುಪ್ಲಿಕೇಟ್ ಕೊಟ್ಟ ಅನಿಸುತ್ತದೆ. ನಾನೂ ಎರಡು ದಿನ ಹಾಗೇ ಅಂದುಕೊಂಡೆ. ದಾರಿ ತೋರಿಸಿದ್ದು ಅಳಿಯನ ಒಂದು ಪ್ರಶ್ನೆ. "ಮಾಮಾ, ಹಳೇದು ಜೋತಾಡ್ತಿದ್ದಾಗ ಕಡಿಮಿ ಇತ್ತು. ಹೊಸಾದು ಮ್ಯಾಲ ಎತ್ತಿದ ಮ್ಯಾಲ ಜಾಸ್ತಿ ಆತು. ಅಂದ್ರ ಶಾಫ್ಟ್ ಕೆಳಗ ಇರೋದ ಛಲೋ ಅಂತಾತಲ್ಲ?"

ನಿಜ. ಹರಿದ ರಬ್ಬರ್ ಬೇರೊಂದು ತಪ್ಪನ್ನು ಇಷ್ಟು ದಿನ ಮುಚ್ಚಿಟ್ಟಿತ್ತು.

ಕೋನದ ಲೆಕ್ಕ

ಕ್ರಾಸ್ ಜಾಯಿಂಟಿನ ಗುಣ ಇಲ್ಲಿ ಸ್ವಲ್ಪ ಹೇಳಬೇಕು. ಎರಡು ಶಾಫ್ಟ್ ಒಂದೇ ನೇರದಲ್ಲಿದ್ದರೆ ಕ್ರಾಸಿಗೆ ಕೆಲಸವೇ ಇಲ್ಲ. ಕೋನ ಇದ್ದರೆ, ಈ ಕಡೆ ಶಾಫ್ಟ್ ಒಂದೇ ಸಮ ತಿರುಗಿದರೂ ಆ ಕಡೆಯದು ಒಂದು ಸುತ್ತಿನಲ್ಲಿ ಎರಡು ಸಲ ಓಡುತ್ತದೆ, ಎರಡು ಸಲ ತಡೆಯುತ್ತದೆ. ಕೋನ 5 ಡಿಗ್ರಿ ಇದ್ದರೆ ಇದು ನೂರಕ್ಕೆ 0.4ರಷ್ಟೂ ಇಲ್ಲ. ಕೇಳಲು ಏನೂ ಅಲ್ಲ. ಆದರೆ 70ರ ವೇಗದಲ್ಲಿ ಶಾಫ್ಟ್ ನಿಮಿಷಕ್ಕೆ 2,340 ಸುತ್ತು ತಿರುಗುತ್ತಿರುತ್ತದೆ. ಅದು ಒಮ್ಮೆ 9 ಸುತ್ತಿನಷ್ಟು ಮೇಲೆ, ಒಮ್ಮೆ 9 ಸುತ್ತಿನಷ್ಟು ಕೆಳಗೆ, ಹೀಗೆ ಸೆಕೆಂಡಿಗೆ 78 ಸಲ ಆಗುತ್ತದೆ. ಅಷ್ಟು ಭಾರದ ಕಬ್ಬಿಣ ಅಷ್ಟು ಸಲ ಓಡಿ ತಡೆದರೆ ತಗಡು ಗುಂಯ್ ಅನ್ನದೆ ಏನು ಮಾಡೀತು.

ಇದಕ್ಕೆ ಮದ್ದು ಇನ್ನೊಂದು ತುದಿಯ ಕ್ರಾಸ್. ಇಬ್ಬರು ಹಿಡಿದು ಎಳೆಯುವ ಗರಗಸ ನೋಡಿದ್ದೀರಲ್ಲ, ಒಬ್ಬ ಎಳೆದಷ್ಟನ್ನೇ ಇನ್ನೊಬ್ಬ ಬಿಟ್ಟರೆ ಗರಗಸ ನೆಟ್ಟಗೆ ಓಡುತ್ತದೆ. ಹಾಗೆಯೇ ಎರಡೂ ಕ್ರಾಸಿನ ಕೋನ ಸಮ ಇದ್ದರೆ ಮೊದಲನೆಯದರ ಜಗ್ಗಾಟವನ್ನು ಎರಡನೆಯದು ಕಳೆದುಬಿಡುತ್ತದೆ. ಎರಡರ ನಡುವೆ ವ್ಯತ್ಯಾಸ 1 ಡಿಗ್ರಿಯೊಳಗೆ ಇರಬೇಕು, ಒಂದೊಂದೂ 3 ಡಿಗ್ರಿಯೊಳಗೆ ಇದ್ದರೆ ಚೆಂದ. ಅಳಿಯನ ಸಿಲಬಸ್ಸಿನಲ್ಲಿ ಇದು ಹುಕ್ ಜಾಯಿಂಟ್ ಅಂತ ಇದೆಯಂತೆ. ಪರೀಕ್ಷೆಗೆ ಬರೆದಿದ್ದನಂತೆ, ಕಣ್ಣಾರೆ ನೋಡಿದ್ದು ಈಗ.

ಅಳೆಯಲು ಮ್ಯಾಗ್ನೆಟ್ ಇರುವ ಡಿಜಿಟಲ್ ಆಂಗಲ್ ಗೇಜ್ ತರಿಸಿದೆವು. ಬಡಿಗರು ಬಳಸುವಂಥ ಸಣ್ಣ ಡಬ್ಬಿ. ಇಲ್ಲಿ ಒಂದು ತಪ್ಪು ಮಾಡುವುದು ಸುಲಭ: ಗಾಡಿಯನ್ನು ಚಾಸಿಗೆ ಜಾಕ್ ಕೊಟ್ಟು ಎತ್ತಿ ಅಳೆದರೆ ಹಿಂದಿನ ಹೌಸಿಂಗ್ ಜೋತುಬಿದ್ದು ಕೋನವೆಲ್ಲ ಬದಲಾಗುತ್ತದೆ. ಗಾಡಿ ತನ್ನ ಚಕ್ರದ ಮೇಲೇ ನಿಂತಿರಬೇಕು. ಚಾಚಾ ಗ್ಯಾರೇಜಿನ ಪಿಟ್ ಮೇಲೆ ನಿಲ್ಲಿಸಿದೆವು. ಶಾಫ್ಟಿನ ಮೇಲಿನ ತುಕ್ಕು, ಮಣ್ಣು ಕೆತ್ತಿ, ವೇಸ್ಟ್ ಬಟ್ಟೆಯಿಂದ ಒರೆಸಿ ಗೇಜ್ ಕೂಡಿಸಿದೆವು. ಟಕ್ ಅಂತ ಅಂಟಿಕೊಂಡಿತು.

ಖಾಲಿ ಗಾಡಿ: ಮುಂದಿನ ತುಂಡು ಹಿಂದಕ್ಕೆ 1.2 ಡಿಗ್ರಿ ಇಳಿಜಾರು. ಹಿಂದಿನ ತುಂಡು 6.3. ಹೌಸಿಂಗಿನ ಪಿನಿಯನ್ (ಶಾಫ್ಟ್ ಹೋಗಿ ಕೂಡುವ ಮೂತಿ) 3.6. ಅಂದ್ರೆ ನಡುವಿನ ಕ್ರಾಸಿನ ಕೋನ 5.1, ಹೌಸಿಂಗ್ ಕಡೆಯದು 2.7. ವ್ಯತ್ಯಾಸ 2.4.

ಮರುದಿನ ಬೆಳಿಗ್ಗೆ 24 ಚೀಲ ತುಂಬಿಕೊಂಡು ಬೆಳಗಾವಿಗೆ ಹೋಗುವ ಮೊದಲು ಮತ್ತೆ ಅದೇ ಪಿಟ್. 2.2, 4.6, 2.5. ಕೋನಗಳು 2.4 ಮತ್ತು 2.1. ವ್ಯತ್ಯಾಸ ಬರೀ 0.3. ಪಿಟ್ಟಿನೊಳಗಿಂದಲೇ ಅಳಿಯ "ಮಾಮಾ, ಸಿಕ್ತು" ಅಂತ ಕೂಗಿದ. ಮೇಲೆ ಉಳ್ಳಾಗಡ್ಡಿ ರೈತ "ಏನ್ ಸಿಕ್ತರೀ, ಗಾಡಿ ಬಿಡ್ರೀ, ಹರಾಜಿನ ಸವಾಲ ಮುಗೀತಾವ" ಅಂತ ಅವಸರ ಮಾಡುತ್ತಿದ್ದ.

ಖಾಲಿ ಇದ್ದಾಗ ಪಾಟಾ ಗಾಡಿಯ ಹಿಂಭಾಗವನ್ನು ಮೇಲೆತ್ತಿ ಶಾಫ್ಟಿನ ಕೋನ ಹೆಚ್ಚಿಸುತ್ತಿತ್ತು. ಹಿಂಭಾಗ ಅಷ್ಟು ಎತ್ತರ ಯಾಕಿದೆ? ಉತ್ತರ ನನಗೆ ಗೊತ್ತಿತ್ತು. ಹೋದ ವರ್ಷ ಸುಗ್ಗಿಗೆ ಮುಂಚೆ ಎರಡೂ ಕಡೆ ಪಾಟಾಕ್ಕೆ ಎರಡೆರಡು ಎಕ್ಸ್‌ಟ್ರಾ ಪ್ಲೇಟು ಹಾಕಿಸಿದ್ದೆ. ನಮ್ಮ ಕಡೆ ಹೊಸ ಗಾಡಿ ತಂದವರು ಪೂಜೆ ಮಾಡಿಸಿದ ಹಾಗೆ ಇದನ್ನೂ ಮಾಡಿಸುತ್ತಾರೆ. ಪ್ಲೇಟು ಹೆಚ್ಚಿಸಿದರೆ ಆರ್‌ಸಿಯಲ್ಲಿ ಬರೆದ ತೂಕ ಹೆಚ್ಚಾಗುವುದಿಲ್ಲ, ಬ್ರೇಕೂ ದೊಡ್ಡದಾಗುವುದಿಲ್ಲ, ಅದು ಗೊತ್ತಿದ್ದೇ ಹಾಕಿಸುತ್ತೇವೆ. ಹಾಕಿಸಬೇಡ ಅಂತ ಚಾಚಾ ಆವಾಗಲೇ ಹೇಳಿದ್ದರು. ಅವರು ಈಗ ಅದನ್ನು ನೆನಪಿಸಲಿಲ್ಲ. ಪಾನಾ ಒರೆಸುತ್ತ ನಿಂತಿದ್ದರು, ಅಷ್ಟೇ.

ಹಾಗಾದರೆ ಒಂದು ವರ್ಷ ಯಾಕೆ ಸುಮ್ಮನಿತ್ತು? ಸೆಂಟರ್ ಬೇರಿಂಗಿನ ರಬ್ಬರ್ ನಿಧಾನ ಜೋತು ಬೀಳುತ್ತ ಶಾಫ್ಟನ್ನು ಕೆಳಗೆ ಇಳಿಸುತ್ತಿತ್ತು, ಕೋನ ಅಷ್ಟಷ್ಟು ಕಡಿಮೆಯಾಗುತ್ತಿತ್ತು. ಜೊತೆಗೆ ಕ್ರಾಸ್ ಇನ್ನೂ ನುಣ್ಣಗಿತ್ತು. ಕೊನೆಗೆ ರಬ್ಬರ್ ಸೀಳಿ ಶಾಫ್ಟ್ ಅಲ್ಲಾಡತೊಡಗಿತು, ಕ್ರಾಸ್ ತಿಂದುಹೋಯಿತು. ಒಂದರ ತಪ್ಪನ್ನು ಇನ್ನೊಂದು ಹೊತ್ತುಕೊಂಡು ಸವೆದದ್ದು. ಇದು ನನ್ನ ಊಹೆ, ಆದರೆ ಅಳತೆಗಳು ಅದಕ್ಕೆ ಹೊಂದುತ್ತವೆ.

ಸರಿಪಡಿಸಲು ಮೂರು ದಾರಿ ಇದ್ದವು. ಪಾಟಾಕ್ಕೂ ಹೌಸಿಂಗಿಗೂ ನಡುವೆ ಇಳಿಜಾರಿನ ಪಚ್ಚರ ಕೊಟ್ಟು ಪಿನಿಯನ್ ಮೂತಿಯನ್ನು 2.4 ಡಿಗ್ರಿ ಕೆಳಗೆ ಬಗ್ಗಿಸಬಹುದು. ಖಾಲಿ ಇದ್ದಾಗ 5.1ಕ್ಕೆ 5.1 ಸಮ. ಚಾಚಾಗೆ ಇದೇ ಇಷ್ಟ, ಬೆಳಗಾವಿಯ ಉದ್ಯಮಬಾಗದಲ್ಲಿ ಯಾವ ಮಷಿನ್ ಶಾಪಿಗೆ ಹೋದರೂ ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ. ಆದರೆ ವಹಿಯಲ್ಲಿ ಲೋಡ್ ಇದ್ದಾಗಿನ ಅಳತೆ ತೆಗೆದು ಲೆಕ್ಕ ಹಾಕಿದರೆ ಅಲ್ಲಿ 2.4 ಒಂದು ಕಡೆ, 4.5 ಇನ್ನೊಂದು ಕಡೆ ಆಗುತ್ತದೆ. ಖಾಲಿ ಗಾಡಿಯ ರೋಗವನ್ನು ತುಂಬಿದ ಗಾಡಿಗೆ ವರ್ಗಾಯಿಸಿದ ಹಾಗೆ. ಅದನ್ನು ಬಿಟ್ಟೆವು.

ಎರಡನೆಯದು ಪ್ಲೇಟು ತೆಗೆಯುವುದು. ಮೂರನೆಯದು ಸೆಂಟರ್ ಬೇರಿಂಗಿನ ಬ್ರ್ಯಾಕೆಟ್ಟಿಗೂ ಚಾಸಿಯ ಅಡ್ಡಪಟ್ಟಿಗೂ ನಡುವೆ ತುಂಡು ಕೊಟ್ಟು ಶಾಫ್ಟನ್ನು ತುಸು ಇಳಿಸುವುದು, ಅಂದ್ರೆ ಹರಿದ ರಬ್ಬರ್ ಮಾಡುತ್ತಿದ್ದ ಕೆಲಸವನ್ನೇ ನೆಟ್ಟಗೆ ಮಾಡುವುದು. ಎರಡನ್ನೂ ಅರ್ಧರ್ಧ ಮಾಡಿದೆವು. ಎರಡೂ ಪ್ಲೇಟು ತೆಗೆಯಲು ನನಗೆ ಮನಸ್ಸಾಗಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಪಾಟಾವನ್ನು ಹೌಸಿಂಗಿಗೆ ಬಿಗಿಯುವ ಯು ಬೋಲ್ಟ್ ಬಿಚ್ಚುವುದೇ ಅರ್ಧ ದಿನದ ಕೆಲಸ. ತುಕ್ಕಿಗೆ ಡೀಸೆಲ್ ಬಿಟ್ಟು ಕಾದೆವು, ಪಾನಾಕ್ಕೆ ಪೈಪ್ ಹಾಕಿ ಜಗ್ಗಿದೆವು, ಒಂದು ತುಂಡಾಯಿತು. ನಾಲ್ಕಕ್ಕೂ ಹೊಸದೇ ಹಾಕಿದೆವು, ಹಳೆಯ ಯು ಬೋಲ್ಟ್ ಮತ್ತೆ ಬಿಗಿಯಬಾರದು, ಒಮ್ಮೆ ಎಳೆದು ಉದ್ದವಾದದ್ದು. ಪ್ರತಿ ಕಡೆ ಒಂದೊಂದು ಪ್ಲೇಟು ತೆಗೆದು, ನಡುವಿನ ಸೆಂಟರ್ ಬೋಲ್ಟ್ ಬಿಗಿದು, ಮತ್ತೆ ಕೂಡಿಸಿದೆವು. ಸೆಂಟರ್ ಬೇರಿಂಗಿಗೆ 6 ಮಿಲಿಮೀಟರ್ ದಪ್ಪದ ಎರಡು ಪಟ್ಟಿ ಕತ್ತರಿಸಿ ತೂತು ಹಾಕಿ ಕೊಟ್ಟರು ಚಾಚಾ. ಬೋಲ್ಟ್ ಅಷ್ಟು ಉದ್ದದ್ದು ಬೇರೆ ತಂದೆವು, ಹಳೆಯದರ ಹಲ್ಲು ನಟ್ಟಿಗೆ ಪೂರ್ತಿ ಸಿಗುತ್ತಿರಲಿಲ್ಲ. ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿದೆ. ಅರ್ಧ ಸುತ್ತು ತೆಗೆದುಕೊಂಡವು.

ಖಾಲಿ ಗಾಡಿಯ ಹೊಸ ಅಳತೆ: ನಡುವಿನ ಕೋನ 2.7, ಹಿಂದಿನದು 1.9. ವ್ಯತ್ಯಾಸ 0.8.

ಮತ್ತೆ ಹಿರೇಬಾಗೇವಾಡಿ ರಸ್ತೆ, ಅದೇ 70, ಅದೇ ಮೊಬೈಲ್, ಅದೇ ಟೇಪ್. 78ರ ಮಿನಾರು ಕುಸಿದು ಹಿತ್ತಲ ಗೋಡೆಯಷ್ಟಾಗಿತ್ತು. ಕನ್ನಡಿಯಲ್ಲಿ ಹಿಂದಿನ ಲಾರಿಯ ನಂಬರ್ ಪೂರ್ತಿ ಓದಿದೆ, ಮಹಾರಾಷ್ಟ್ರದ ಗಾಡಿ. 85ರ ಮೇಲೆ ಇನ್ನೂ ಸಣ್ಣ ಗುನುಗು ಇದೆ. ಉಳ್ಳಾಗಡ್ಡಿ ಗಾಡಿಗೆ 85 ಯಾಕೆ ಬೇಕು ಅಂತ ಅದನ್ನು ಅಲ್ಲಿಗೇ ಬಿಟ್ಟಿದ್ದೇನೆ. ಲೋಡ್ ಹಾಕಿದಾಗ ಹಿಂಭಾಗ ಮೊದಲಿಗಿಂತ ಒಂದಿಂಚು ಜಾಸ್ತಿ ಕೂರುತ್ತದೆ, ಹಾಗಾಗಿ 24ರ ಮೇಲೆ ಒಂದು ಚೀಲ ಹಾಕುವುದಿಲ್ಲ. ಮಳೆ ಬಿದ್ದ ಮರುದಿನ ಹೊಲದಿಂದ ರಸ್ತೆಗೆ ಬಂದ ಕೂಡಲೇ ನಾಲ್ಕೂ ಡಿಸ್ಕಿನೊಳಗೆ ಕೈ ಹಾಕಿ ಕೆತ್ತುತ್ತೇನೆ, ಅದಕ್ಕಂತಲೇ ಸೀಟಿನ ಕೆಳಗೆ ಒಂದು ಹಳೇ ಕುರ್ಪಿ ಇದೆ.

ತೆಗೆದ ಎರಡು ಪ್ಲೇಟು ಹಿತ್ತಲಲ್ಲಿ ಬಿದ್ದಿದ್ದವು. ಕಬ್ಬು ಕಡಿಯುವ ಸೀಸನ್ ಹತ್ತಿರ ಬಂತು ಅಂತ ಕಮ್ಮಾರ ಬಂದು ಕೇಳಿದ. ಪಾಟಾದ ಉಕ್ಕಿಗೆ ಧಾರ ಛಲೋ ನಿಲ್ಲುತ್ತದಂತೆ. ಎರಡು ಕೊಯ್ತಾ ಮಾಡಿ ಕೊಡುತ್ತೇನೆ, ಉಳಿದದ್ದು ನನಗೆ ಅಂದ. ತೆಗೆದುಕೊಂಡು ಹೋಗು ಅಂದೆ.